ಏಳನೇ ಅಧ್ಯಾಯದ ಬಿರುಕು

"ಯಾರ್ರೀ ನೀವು? ನನ್ನ ಕುರ್ಚಿಯಲ್ಲಿ ಕೂತು ಏನು ಮಾಡ್ತಿದ್ದೀರಿ?"

ಅವಳ ಕೂಗಿಗೆ ಇಡೀ ಆಫೀಸು ತಿರುಗಿ ನೋಡಿತು. ಕುರ್ಚಿಯಲ್ಲಿ ಕೂತಿದ್ದವನು ಮಾತ್ರ ತಲೆ ಎತ್ತಲಿಲ್ಲ.

ಅವನ ಮುಂದೆ ಅವಳ ಕರಡು ಪ್ರತಿ ಹರಡಿಕೊಂಡಿತ್ತು. ರಜಾ ದಿನವೂ ಬಿಡದೆ ಕೂತು ಬರೆದ ರಿಪೋರ್ಟು. ಅದರ ಮೇಲೆ ಅವನು ಗೀಟು ಎಳೆಯುತ್ತಿದ್ದ! ಒಂದು ಪ್ಯಾರಾ ಪೂರ್ತಿ ಹೊಡೆದುಹಾಕಿದ. ಮುಂದಿನ ಪುಟಕ್ಕೆ ಹೋದ.

"ಕಿವಿ ಕೇಳಿಸಲ್ವಾ ನಿಮಗೆ?"

ಆಗ ತಲೆ ಎತ್ತಿದ. ನಿದ್ದೆಗೆಟ್ಟವನಂಥ ಕಣ್ಣು. ಆದರೆ ಆ ಕಣ್ಣಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ಗಲಿಬಿಲಿ ಇರಲಿಲ್ಲ.

"ಇದನ್ನ ಬರೆದೋರು ನೀವೇನಾ?"

"ಹೌದು! ಏನೀಗ?"

"ತುಂಬಾ ಚೆನ್ನಾಗಿದೆ. ಆದ್ರೆ ಯಾರೂ ಓದಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಉತ್ತರ ಕೊಡಬೇಕು ಅನ್ನುವಷ್ಟರಲ್ಲಿ ಒಳಗಿನ ಕೋಣೆಯಿಂದ ಬಾಸ್ ನಗುತ್ತಾ ಹೊರಗೆ ಬಂದರು.

"ಓ, ಪರಿಚಯ ಆಯ್ತಾ? ಇವರು ನಮ್ಮ ಹೊಸ ಪರಿಶೀಲಕರು. ಇನ್ಮೇಲೆ ನೀನು ಬರೆದಿದ್ದೆಲ್ಲ ಇವರ ಕೈ ದಾಟಿಯೇ ಕ್ಲೈಂಟ್ ಹತ್ರ ಹೋಗೋದು."

*ಪರಿಶೀಲಕರಾ? ನನ್ನ ಕೆಲಸ ನೋಡೋಕಾ… ಇಲ್ಲಾ ನನ್ನ ಕೆಲಸಕ್ಕೇ ಬಂದವರಾ?*

ಅವಳ ಮನಸ್ಸಿನಲ್ಲಿ ಅನುಮಾನದ ಮೊದಲ ಮುಳ್ಳು ಆವತ್ತೇ ನಾಟಿತು.

ಅವಳನ್ನು ಮನೆಯಲ್ಲಿ ಗುಬ್ಬಿ ಅಂತ ಕರೆಯುತ್ತಿದ್ದರು. ನಾವೂ ಹಾಗೇ ಕರೆಯೋಣ. ಕಂಪನಿಗಳಿಗೆ ದೊಡ್ಡ ದೊಡ್ಡ ರಿಪೋರ್ಟು ಬರೆದುಕೊಡುವ ಸಣ್ಣ ಆಫೀಸಿನಲ್ಲಿ ಅವಳ ಕೆಲಸ. ಹೊಸ ಗೋದಾಮು ಕಟ್ಟಬೇಕೇ, ಹಳೇ ಯಂತ್ರ ಇಟ್ಟುಕೊಳ್ಳಬೇಕೇ, ನಷ್ಟದ ಘಟಕ ಮುಚ್ಚಬೇಕೇ… ಇಂಥ ಪ್ರಶ್ನೆಗಳಿಗೆ ಅವಳು ಉತ್ತರ ಹುಡುಕುತ್ತಿದ್ದಳು. ಗುಬ್ಬಿ ಕಡ್ಡಿ ಕಡ್ಡಿ ತಂದು ಗೂಡು ಕಟ್ಟಿದ ಹಾಗೆ ಒಂದೊಂದೇ ವಿಷಯ ತಂದು ಜೋಡಿಸುತ್ತಿದ್ದಳು.

ಹಿಂದಿನ ಆಫೀಸಿನಲ್ಲಿ ಅಂಥ ಒಂದು ಗೂಡನ್ನು ಒಬ್ಬ ಹಾಗೇ ಎತ್ತಿಕೊಂಡು ಹೋಗಿದ್ದ. ಅವನ ಜೊತೆ ಅವಳ ಮದುವೆಯ ಮಾತುಕತೆಯೂ ಆಗಿತ್ತು! "ಒಮ್ಮೆ ಓದಿ ಕೊಡ್ತೀನಿ" ಅಂತ ತೆಗೆದುಕೊಂಡವನು ರಿಪೋರ್ಟಿನ ಮೇಲೆ ತನ್ನ ಹೆಸರು ಹಾಕಿ ಒಪ್ಪಿಸಿದ. ಅವನಿಗೆ ಬಡ್ತಿ ಸಿಕ್ಕಿತು. ಇವಳು ಕೇಳಲು ಹೋದರೆ, "ಮದುವೆ ಆದ್ಮೇಲೆ ನಿನ್ನದು ನನ್ನದು ಅಂತ ಏನಿರುತ್ತೆ?" ಅಂದ.

ಮದುವೆ ಆಗಲಿಲ್ಲ. ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕಿನಂತಾದಳು ಗುಬ್ಬಿ. ತಣ್ಣಗಿನ ಹಾಲು ಕಂಡರೂ ಹಿಂದೆ ಸರಿಯುತ್ತಿದ್ದಳು.

"ಅಕ್ಕಾ, ಒಬ್ಬ ಹೊಸಬ ಬಂದಿದ್ದಾನೆ. ಮಾತು ಕಮ್ಮಿ. ನೋಟ ಮಾತ್ರ ಎಲ್ಲಾ ಕಡೆ," ಅಂದಳು ಆವತ್ತು ಸಂಜೆ.

ಅಕ್ಕ ಹೊಲಿಗೆ ಮೆಷಿನ್ನು ನಿಲ್ಲಿಸಿ ನಕ್ಕಳು. ಗಂಡ ಇಲ್ಲದ ಅಕ್ಕ, ಅಕ್ಕನ ಪುಟ್ಟ ಮಗಳು, ಇಬ್ಬರೂ ಗುಬ್ಬಿಯ ಸಂಬಳದ ಆಸರೆಯಲ್ಲೇ ಇದ್ದವರು.

"ಮಾತಾಡಿದ್ರೆ ನಯವಂಚಕ ಅಂತೀಯ. ಸುಮ್ಮನಿದ್ರೆ ಗೋಮುಖ ವ್ಯಾಘ್ರ ಅಂತೀಯ. ಗಂಡಸರು ಏನು ಮಾಡಬೇಕು ಹೇಳು?"

"ನನ್ನ ರಿಪೋರ್ಟಿಗೆ ಕೈ ಹಾಕಬಾರದು. ಅಷ್ಟೇ!"

ಅದಾದ ಮೇಲೆ ಬಂದ ರಿಪೋರ್ಟು ಒಂದು ಗಾಜಿನ ಕಾರ್ಖಾನೆಯದ್ದು. ಬಾಟಲಿ ಮಾಡುವ ಕಾರ್ಖಾನೆ. ಅಲ್ಲಿ ಗಾಜು ಕರಗಿಸುವ ಒಂದು ಹಳೇ ಕುಲುಮೆ ಇತ್ತು. ಅದನ್ನು ಇನ್ನಷ್ಟು ಕಾಲ ನಡೆಸಬಹುದೇ, ನಿಲ್ಲಿಸಿ ಹೊಸದಾಗಿ ಕಟ್ಟಬೇಕೇ ಅನ್ನುವುದೇ ಪ್ರಶ್ನೆ.

ಗುಬ್ಬಿ ಗೋಡೆಯ ಮೇಲೆ ಚೀಟಿಗಳನ್ನು ಅಂಟಿಸಿದ್ದಳು. ಕಾರ್ಖಾನೆಯ ಹಿನ್ನೆಲೆ, ಮಾರುಕಟ್ಟೆ, ಕೆಲಸಗಾರರು, ಇಂಧನ… ಒಂದೊಂದು ಚೀಟಿ ಒಂದೊಂದು ಅಧ್ಯಾಯ. ಏಳನೆಯದು ಕುಲುಮೆಯ ಸ್ಥಿತಿ.

ಪರಿಶೀಲಕ ಆ ಗೋಡೆಯ ಮುಂದೆ ಕೈಕಟ್ಟಿಕೊಂಡು ನಿಂತ.

"ಮೇಡಂ, ಒಂದು ಪ್ರಶ್ನೆ ಕೇಳ್ಲಾ? ಇದನ್ನ ಓದೋರು ಯಾರು?"

"ಓದು ಬರಹ ಬರೋರೆಲ್ಲ."

ಅವನು ನಗಲಿಲ್ಲ. "ಕಾರ್ಖಾನೆಯ ನಿರ್ದೇಶಕಿ ಓದ್ತಾರೆ. ಅವರ ಮೇಜಿನ ಮೇಲೆ ಇಂಥವು ರಾಶಿ ಇರುತ್ತೆ. ಅವರು ಯಾವ ಪುಟದ ತನಕ ಬರ್ತಾರೆ?"

"ಬರಬೇಕು. ಓದೋದು ಅವರ ಕೆಲಸ. ಬುಡದಿಂದ ಹೇಳದೆ ತುದಿ ಹೇಗೆ ಹೇಳೋದು?"

"ಮನೆಗೆ ಬೆಂಕಿ ಬಿದ್ದಾಗ ಮನೆ ಕಟ್ಟಿಸಿದ ಕಥೆಯಿಂದ ಶುರು ಮಾಡ್ತೀರಾ?"

*ಅಬ್ಬಾ! ಎಂಥಾ ಜಂಭ!*

"ನನ್ನ ರಿಪೋರ್ಟಿನಲ್ಲಿ ಬೆಂಕಿ ಎಲ್ಲೂ ಬಿದ್ದಿಲ್ಲ," ಅಂದು ಮುಖ ತಿರುಗಿಸಿದಳು.

ಆದರೆ ಆ ವಾರವೇ ಇಬ್ಬರೂ ಒಟ್ಟಿಗೆ ಕಾರ್ಖಾನೆ ನೋಡಲು ಹೋಗಬೇಕಾಯಿತು.

ಒಳಗೆ ಕಾಲಿಟ್ಟೊಡನೆ ಬಿಸಿಗಾಳಿ ಮುಖಕ್ಕೆ ಬಡಿಯಿತು. ಬಾಟಲಿಗಳು ಕೆಂಪಗೆ ಹೊಳೆಯುತ್ತಾ ಸಾಲಾಗಿ ಸಾಗುತ್ತಿದ್ದವು. ಯಂತ್ರಗಳ ಸದ್ದಿನಲ್ಲಿ ಮಾತೇ ಕೇಳಿಸದು. ಕಾರ್ಖಾನೆಯ ಎಂಜಿನಿಯರ್ ಅವರನ್ನು ಹಳೇ ಕುಲುಮೆಯ ಹಿಂಭಾಗಕ್ಕೆ ಕರೆದೊಯ್ದು, ಟಾರ್ಚು ಹಿಡಿದು ತೋರಿಸಿದ.

ಇಟ್ಟಿಗೆ ಗೋಡೆಯಲ್ಲಿ ಒಂದು ಬಿರುಕು. ಕೂದಲೆಳೆಯಂತೆ ಶುರುವಾಗಿ, ಕೆಳಗೆ ಹೋದಂತೆ ಬೆರಳಿನಷ್ಟು ಅಗಲ. ಅದರೊಳಗೆ ಕಿತ್ತಳೆ ಬಣ್ಣದ ಬೆಳಕು ಮಿಣಮಿಣ ಅನ್ನುತ್ತಿತ್ತು.

"ಹೋದ ತಿಂಗಳು ಇಷ್ಟಿರಲಿಲ್ಲ," ಅಂದ ಎಂಜಿನಿಯರ್. "ಈ ಗೋಡೆ ಬಾಯಿಬಿಟ್ರೆ ಕರಗಿದ ಗಾಜು ಹೊರಗೆ ಹರಿಯುತ್ತೆ. ಇಲ್ಲಿ ಪಾಳಿಗೆ ಹತ್ತಾರು ಜನ ಇರ್ತಾರೆ. ಮ್ಯಾನೇಜರ್‌ಗೆ ಹೇಳ್ದೆ. ಈ ಸೀಸನ್ ಮುಗೀಲಿ ಅಂದ್ರು."

ಗುಬ್ಬಿ ಬರೆದುಕೊಳ್ಳುತ್ತಾ ಪಕ್ಕಕ್ಕೆ ನೋಡಿದಳು. ಪರಿಶೀಲಕನ ಮುಖ ಬಿಳಿಚಿಕೊಂಡಿತ್ತು. ಅವನ ಕೈ… ನಡುಗುತ್ತಿತ್ತು!

"ಏನಾಯ್ತು ನಿಮಗೆ?"

"ಏನಿಲ್ಲ… ಸೆಕೆ."

*ಸೆಕೆಗೆ ಯಾರಾದ್ರೂ ನಡುಗ್ತಾರಾ? ಇವನಿಗೆ ಈ ಬಿರುಕಿನ ವಿಷಯ ಮೊದಲೇ ಗೊತ್ತಿತ್ತಾ? ಏನನ್ನ ಮುಚ್ಚಿಡ್ತಿದ್ದಾನೆ?*

ಹೊರಗೆ ಬರುವಾಗ ಅವಳಿಗೇ ತಲೆ ಸುತ್ತಿ ಬಂತು. ಬೀಳುವಷ್ಟರಲ್ಲಿ ಒಂದು ಕೈ ಅವಳ ಮೊಣಕೈ ಹಿಡಿಯಿತು. ನೆರಳಿಗೆ ಕರೆದೊಯ್ದು ಕೂರಿಸಿತು. ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟಿತು.

"ನಿಧಾನಕ್ಕೆ ಕುಡೀರಿ. ಗಟಗಟ ಅಂತ ಬೇಡ."

ತನಗೇ ಕೈ ನಡುಗುತ್ತಿರುವಾಗ ಅವನು ಅವಳಿಗೆ ಫೈಲಿನಿಂದ ಗಾಳಿ ಬೀಸುತ್ತಿದ್ದ. ಗುಬ್ಬಿಯ ಎದೆಯಲ್ಲಿ ಏನೋ ಮೆತ್ತಗಾಯಿತು. ತಕ್ಷಣ ಅವಳು ತನ್ನನ್ನೇ ಗದರಿಕೊಂಡಳು.

*ಹಿಂದಿನ ಆಫೀಸಿನ ಅವನೂ ಹೀಗೇ ಇದ್ದ. ಶುರುವಿನಲ್ಲಿ ಎಲ್ಲರೂ ಹೀಗೇ ಇರ್ತಾರೆ…*

ಆಮೇಲಿನ ದಿನಗಳಲ್ಲಿ ಅನುಮಾನಕ್ಕೆ ರೆಕ್ಕೆಪುಕ್ಕ ಬಂದವು.

ಬಾಸ್ ಪದೇ ಪದೇ ಪರಿಶೀಲಕನನ್ನು ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಗುಬ್ಬಿ ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಆ ಕಾರ್ಖಾನೆಯ ಮ್ಯಾನೇಜರ್ ಸ್ವತಃ ಬಂದು, ಬಾಸ್ ಹೆಗಲ ಮೇಲೆ ಕೈ ಹಾಕಿ ನಗುತ್ತಾ ಹೋದ. ಹೋಗುವಾಗ ಪರಿಶೀಲಕನ ಕೈಯನ್ನೂ ಕುಲುಕಿದ.

ಗುಬ್ಬಿ ಎಲ್ಲವನ್ನೂ ನೋಡುತ್ತಿದ್ದಳು.

ಅದಾದ ಮಾರನೇ ದಿನ ಅವಳು ಕಾಫಿ ತರಲೆಂದು ಹೋದಾಗ, ಮೆಟ್ಟಿಲ ತಿರುವಿನಲ್ಲಿ ಅವನ ದನಿ ಕೇಳಿಸಿತು. ಫೋನಿನಲ್ಲಿ ಮಾತಾಡುತ್ತಿದ್ದ.

"ಹೂಂ ಅಣ್ಣ… ನೀನು ಹೇಳಿದ ಹಾಗೇ ಮಾಡ್ತೀನಿ. ಆ ಬಿರುಕಿನ ವಿಷಯ ಏಳನೇ ಅಧ್ಯಾಯದಲ್ಲಿ ಇರಬಾರದು. ತೆಗೆದುಬಿಡ್ತೀನಿ… ಇಲ್ಲ ಅಣ್ಣ, ಅವಳಿಗೆ ಹೇಳಿಲ್ಲ. ಗೊತ್ತಾಗೋದು ಬೇಡ."

ಗುಬ್ಬಿ ಗೋಡೆಯ ಮರೆಗೆ ಸರಿದು ನಿಂತಳು.

*ಅಣ್ಣ! ಯಾವ ಅಣ್ಣ? ಕೆಲಸ ಮಾಡಿಸಿಕೊಳ್ಳೋ ದೊಡ್ಡ ಮನುಷ್ಯರಿಗೆಲ್ಲ ಅಣ್ಣ ಅಂತಾರಲ್ಲ… ಅಂಥ ಅಣ್ಣನೇ ಇರಬೇಕು!*

ಕಾಫಿ ಆರಿ ನೀರಾಯಿತು. ಅವಳು ಕುಡಿಯಲಿಲ್ಲ.

ಸಂಜೆ ಅವನೇ ಅವಳ ಮೇಜಿನ ಬಳಿ ಬಂದ.

"ಮೇಡಂ… ನಾಳೆ ರಿಪೋರ್ಟು ಕಳಿಸಬೇಕು. ಸಾರಾಂಶ ಬರೆಯೋದು ಬಾಕಿ ಇದೆ. ಇಬ್ಬರೂ ಕೂತು ಬರೆಯೋಣ್ವಾ? ನಿಮ್ಮ ಹತ್ರ ಒಂದು ವಿಷಯ ಕೇಳೋದಿತ್ತು."

"ಸಾರಾಂಶ ಬರೆಯೋದು ನಿಮ್ಮ ಕೆಲಸ. ನೀವೇ ಬರ್ಕೊಳ್ಳಿ."

"ಐದೇ ನಿಮಿಷ…"

"ನನಗೆ ಮನೆಗೆ ಹೋಗಬೇಕು."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಾಸ್ ಕೋಣೆಯ ಬಾಗಿಲು ತೆರೆಯಿತು. ಅವನು ಬಾಯಿ ಮುಚ್ಚಿಕೊಂಡ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ… ಹಾಗೆ ಕಂಡಿತು ಗುಬ್ಬಿಗೆ.

ರಿಪೋರ್ಟು ಹೋದ ಮರುದಿನ ಬೆಳಿಗ್ಗೆ, ಆಫೀಸಿಗೆ ಬಂದವಳೇ ಅವಳು ಕೊನೆಯ ಪ್ರತಿಯನ್ನು ಕಂಪ್ಯೂಟರಿನಲ್ಲಿ ತೆಗೆದಳು. ನೇರವಾಗಿ ಏಳನೇ ಅಧ್ಯಾಯಕ್ಕೆ ಹೋದಳು.

ಕುಲುಮೆಯ ವಯಸ್ಸು… ಇದೆ. ಇಂಧನದ ಖರ್ಚು… ಇದೆ. ಬಿರುಕು?

ಇಲ್ಲ!

ಒಂದು ಪ್ಯಾರಾ ಅಲ್ಲ, ಒಂದು ಪದವೂ ಇರಲಿಲ್ಲ. ಅಂಥದ್ದೊಂದು ಬಿರುಕು ಈ ಭೂಮಿ ಮೇಲೇ ಇಲ್ಲವೇನೋ ಎಂಬಂತೆ ಆ ಪುಟ ನುಣ್ಣಗೆ ಸಾಗಿತ್ತು.

ಅವಳ ಕಣ್ಣ ಮುಂದೆ ಆ ಕಿತ್ತಳೆ ಬೆಳಕು ಬಂತು. ಅದರ ಪಕ್ಕದಲ್ಲೇ ಓಡಾಡುತ್ತಿದ್ದ ಜನ ಕಂಡರು. ಮಿಕ್ಕ ಪುಟ ನೋಡುವ ತಾಳ್ಮೆ ಎಲ್ಲಿಂದ ಬರಬೇಕು! ಎದ್ದು ನೇರ ಅವನ ಮೇಜಿಗೆ ಹೋದಳು.

"ಎಲ್ಲಿ ಹೋಯ್ತು ಅದು?"

ಅವನು ಎದ್ದು ನಿಂತ. "ಮೇಡಂ, ದಯವಿಟ್ಟು ಮೆಲ್ಲಗೆ…"

"ಯಾಕೆ ಮೆಲ್ಲಗೆ? ಎಲ್ಲರೂ ಕೇಳಲಿ! ಬಿರುಕಿನ ಪ್ಯಾರಾ ತೆಗೆದಿದ್ದು ನೀವೇ ತಾನೇ?"

ಗಲಾಟೆ ಕೇಳಿ ಬಾಸ್ ಹೊರಗೆ ಬಂದು ನಿಂತರು. ಪರಿಶೀಲಕ ಒಮ್ಮೆ ಅವರ ಮುಖ ನೋಡಿದ. ಒಮ್ಮೆ ಗೋಡೆಯ ಗಡಿಯಾರ ನೋಡಿದ.

"ಹೌದು. ಏಳನೇ ಅಧ್ಯಾಯದಿಂದ ನಾನೇ ತೆಗೆದೆ."

"ಎಷ್ಟಕ್ಕೆ ಮಾರಿಕೊಂಡ್ರಿ ನಿಮ್ಮನ್ನ? ಅಲ್ಲಿ ಜನ ಸಾಯ್ತಾರೆ ಕಣ್ರೀ! ಒಬ್ಬ ನನ್ನ ಹೆಸರು ಕದ್ದ, ನೀವು ನನ್ನ ಮಾತನ್ನೇ ಕದ್ರಿ. ಅವನಿಗಿಂತ ಕೀಳು ನೀವು!"

ಅವನು ಅವಳನ್ನೇ ನೋಡಿದ. ಆ ಕಣ್ಣಲ್ಲಿದ್ದದ್ದು ಕೋಪವಲ್ಲ, ನೋವು. ಅದು ಗುಬ್ಬಿಗೂ ಕಂಡಿತು… ಕಂಡರೂ ನಂಬಲಿಲ್ಲ.

"ಆಯ್ತಮ್ಮ, ಆಯ್ತು," ಅಂದರು ಬಾಸ್, ಬೆಣ್ಣೆಯಂಥ ದನಿಯಲ್ಲಿ. "ಸಣ್ಣ ದುರಸ್ತಿ ವಿಷಯ. ಕ್ಲೈಂಟ್‌ಗೆ ಬೇಡವಂತೆ. ನಮಗ್ಯಾಕೆ ಊರ ಉಸಾಬರಿ? ಹೋಗು, ಕೂತ್ಕೋ."

ಗುಬ್ಬಿ ಕೂರಲಿಲ್ಲ. ತನ್ನ ಹಳೇ ಕರಡಿನ ಏಳನೇ ಅಧ್ಯಾಯವನ್ನು ಚೀಲಕ್ಕೆ ತುರುಕಿಕೊಂಡು ಮೆಟ್ಟಿಲಿಳಿದಳು. ಕೆಲಸ ಹೋದರೆ ಹೋಗಲಿ! ಕಾರ್ಖಾನೆಗೆ ಹೋಗುವ ಬಸ್ಸಿನಲ್ಲಿ ಅಕ್ಕನ ಮುಖ ನೆನಪಾಗಿ ಒಮ್ಮೆ ಬಾಗಿಲ ಕಡೆ ನೋಡಿದಳು. ಆದರೂ ಇಳಿಯಲಿಲ್ಲ.

ಕಾರ್ಖಾನೆಯ ನಿರ್ದೇಶಕಿ ನರೆಗೂದಲಿನ, ಗಟ್ಟಿ ದನಿಯ ಹೆಂಗಸು. ಅವರ ಕೋಣೆಯ ಹೊರಗೆ ಆ ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಗುಬ್ಬಿಯನ್ನು ಕಂಡವನೇ ತಲೆ ತಗ್ಗಿಸಿದ.

ಅವಳಿಗೆ ಏನೂ ಅರ್ಥವಾಗಲಿಲ್ಲ. ಒಳಗೆ ಹೋಗಿ ಒಂದೇ ಉಸಿರಿಗೆ ಹೇಳಿದಳು.

"ಮೇಡಂ, ನಿಮಗೆ ಕಳಿಸಿರೋ ರಿಪೋರ್ಟಿನಲ್ಲಿ ಒಂದು ವಿಷಯ ಮುಚ್ಚಿಟ್ಟಿದ್ದಾರೆ. ನಿಮ್ಮ ಹಳೇ ಕುಲುಮೆಯ ಗೋಡೆ…"

"ಬಿರುಕು ಬಿಟ್ಟಿದೆ," ಅಂದರು ನಿರ್ದೇಶಕಿ. "ಗೊತ್ತು. ನೀವು ಯಾರು?"

"ಅದನ್ನ ಬರೆದವಳು."

"ಓ! ನೀವೇನಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಅಲ್ಲಮ್ಮ, ಮುಚ್ಚಿಡೋದೇನು ಬಂತು? ಕಣ್ಣಿಗೆ ರಾಚೋ ಹಾಗೆ ಬರೆದಿದ್ದೀರಲ್ಲ!"

ರಿಪೋರ್ಟನ್ನು ಅವಳ ಕಡೆ ತಿರುಗಿಸಿದರು.

ಮೇಲಿನ ಹೊದಿಕೆಯಲ್ಲಿ ಅವಳ ಹೆಸರು ಮಾತ್ರ. ಒಳಗಿನ ಮೊದಲ ಪುಟ. ಸಾರಾಂಶದ ಮೊದಲ ಸಾಲು.

*ಹಳೇ ಕುಲುಮೆಯ ಹಿಂಬದಿ ಗೋಡೆ ಬಿರುಕು ಬಿಟ್ಟಿದೆ. ಬಿರುಕು ದಿನದಿನಕ್ಕೆ ಬೆಳೆಯುತ್ತಿದೆ. ಕುಲುಮೆಯನ್ನು ಕೂಡಲೇ ನಿಲ್ಲಿಸದಿದ್ದರೆ ಅಲ್ಲಿ ಕೆಲಸ ಮಾಡುವವರ ಜೀವಕ್ಕೆ ಅಪಾಯ.*

ಅವಳದೇ ಮಾತು! ಒಂದಕ್ಷರ ಬದಲಾಗಿರಲಿಲ್ಲ. ಏಳನೇ ಅಧ್ಯಾಯದ ಹೊಟ್ಟೆಯೊಳಗೆ ಅವಳು ಹೂತಿಟ್ಟಿದ್ದನ್ನು ಅವನು ಎತ್ತಿ ಹೊಸಿಲ ಮೇಲೆ ತಂದಿಟ್ಟಿದ್ದ.

"ನಿಜ ಹೇಳ್ಲಾ?" ಅಂದರು ನಿರ್ದೇಶಕಿ. "ಇಷ್ಟು ದಪ್ಪದ್ದನ್ನ ನಾನು ಪೂರ್ತಿ ಓದಲ್ಲ. ಮೊದಲ ಪುಟ ಓದಿ ಕಪಾಟಿಗೆ ಇಡ್ತೀನಿ. ಇವತ್ತು ಮೊದಲ ಪುಟ ಓದಿ ಎದೆ ಝಲ್ ಅಂತು. ಕೆಳಗೆ ಹೋಗಿ ನಾನೇ ನೋಡಿ ಬಂದೆ. ಆ ಜಾಗದಿಂದ ಜನರನ್ನ ಆಚೆ ಕಳಿಸಿದ್ದಾಯ್ತು, ಬೆಂಕಿ ಇಳಿಸೋಕೂ ಹೇಳಿದ್ದಾಯ್ತು."

ಗುಬ್ಬಿಯ ಕಣ್ಣು ಮಂಜಾಯಿತು. ಪುಟದ ಅಕ್ಷರಗಳು ಕಲಸಿಹೋದವು.

"ಆದ್ರೆ ನಿಮ್ಮ ಬಾಸ್ ವಿಚಿತ್ರ ಮನುಷ್ಯ ಕಣಮ್ಮ. ಈಗ ತಾನೇ ನಾನು ಫೋನ್ ಮಾಡಿದ್ರೆ, ಆ ಪುಟ ತಪ್ಪಾಗಿ ಸೇರಿದೆ, ಸೇರಿಸಿದ ಪರಿಶೀಲಕನನ್ನ ಕೆಲಸದಿಂದ ತೆಗೆದಿದ್ದೀನಿ, ಕ್ಷಮಿಸಿ ಅಂತಾರೆ! ಜೀವ ಉಳಿಸಿದವನನ್ನ ಕೆಲಸದಿಂದ ತೆಗೆಯೋದಾ?"

"ತೆಗೆದ್ರಾ?… ಅವರನ್ನಾ?"

*ಅಯ್ಯೋ… ಅದಕ್ಕೇ ಗಡಿಯಾರ ನೋಡಿದನಾ? ಈ ಪುಟ ಓದುವ ತನಕ ಬಾಸ್‌ಗೆ ಗೊತ್ತಾಗಬಾರದು ಅಂತ ಸುಮ್ಮನೆ ನಿಂತನಾ? ನಾನು ಎಲ್ಲರ ಮುಂದೆ ಅಷ್ಟೆಲ್ಲ ಅಂದಾಗಲೂ…!*

ಗುಬ್ಬಿ ಎದ್ದಳು. ಬಾಗಿಲ ತನಕ ಹೋದವಳು ತಿರುಗಿ ಬಂದಳು.

"ಮೇಡಂ, ಒಂದು ಉಪಕಾರ ಮಾಡಿ. ಆ ಹೊದಿಕೆ ಮೇಲೆ ಇನ್ನೊಂದು ಹೆಸರು ಸೇರಬೇಕು. ಅವರದು."

"ಅದಕ್ಕೇನು, ಸೇರಿಸಿ ಇನ್ನೊಂದು ಪ್ರತಿ ತನ್ನಿ. ಹೊಸ ಕುಲುಮೆಗೂ ಒಂದು ರಿಪೋರ್ಟು ಬೇಕು ನನಗೆ. ನೀವಿಬ್ಬರೇ ಬರೀರಿ. ಆ ಬಾಸ್ ಸಹವಾಸ ಬೇಡ."

ಆಫೀಸಿಗೆ ಬಂದಾಗ ಅವನ ಮೇಜು ಖಾಲಿಯಾಗಿತ್ತು. ಪೆನ್ನಿಡುವ ಡಬ್ಬಿಯೂ ಇರಲಿಲ್ಲ.

ಬಾಸ್ ಅವಳ ಕಡೆ ನೋಡದೆ ಹೇಳಿದರು, "ನಿನಗೇನೂ ಆಗಲ್ಲಮ್ಮ. 'ಅವಳಿಗೆ ಗೊತ್ತೇ ಇರಲಿಲ್ಲ, ಎಲ್ಲಾ ನಂದೇ ತೀರ್ಮಾನ' ಅಂತ ಅವನೇ ಬರೆದುಕೊಟ್ಟು ಹೋದ. ಬೆಳಿಗ್ಗೆ ನೀನು ಬಾಯಿ ಮಾಡಿದ್ದೂ ಒಳ್ಳೇದೇ ಆಯ್ತು. ನಿನ್ನ ಕೈವಾಡ ಇಲ್ಲ ಅಂತ ನಂಬಿದೆ."

"ನಾನೂ ನಾಳೆಯಿಂದ ಬರಲ್ಲ ಸಾರ್," ಅಂದಳು ಗುಬ್ಬಿ.

ಮೆಟ್ಟಿಲ ತಿರುವಿನಲ್ಲೇ ನಿಂತು ಅವನ ನಂಬರಿಗೆ ಫೋನ್ ಮಾಡಿದಳು.

"ಹಲೋ," ಅಂತು ಒಂದು ದಪ್ಪ ದನಿ. ಅವನದಲ್ಲ.

"ಅವರು… ಇಲ್ವಾ?"

"ಮಲಗಿದ್ದಾನೆ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಅವನು. ನಾನು ಅವನ ಅಣ್ಣ."

ಗುಬ್ಬಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಯಾವ… ಯಾವ ಅಣ್ಣ?"

"ಯಾವ ಅಣ್ಣ ಅಂದ್ರೆ? ಅವನಿಗೆ ಇರೋದೇ ಒಬ್ಬ ಅಣ್ಣ ಕಣಮ್ಮ! ಒಡಹುಟ್ಟಿದೋನು. ಅವನನ್ನ ಎತ್ತಿ ಆಡಿಸಿದೋನು. ಸಾಕಾ, ಇನ್ನೂ ಪುರಾವೆ ಬೇಕಾ?"

ಅಳು, ನಗು ಎರಡೂ ಒಟ್ಟಿಗೇ ಬಂದವು ಅವಳಿಗೆ. ಅನುಮಾನದ ಕಣ್ಣಿಗೆ ಸ್ವಂತ ಅಣ್ಣನೂ ಯಾರೋ ದೊಡ್ಡ ಕುಳವಾಗಿ ಕಂಡಿದ್ದನಲ್ಲ!

"ಸಾಕು… ಮನೆ ಎಲ್ಲಿ ಹೇಳ್ತೀರಾ?"

ಅದು ಸಣ್ಣ ರಸ್ತೆಯ ಮೂಲೆಯ ಮನೆ. ಕೆಳಗೆ ಗಡಿಯಾರ ರಿಪೇರಿ ಅಂಗಡಿ, ಮೇಲೆ ಎರಡು ಕೋಣೆ. ಸಂಜೆ ಬಿಸಿಲು ಅಂಗಡಿಯ ಗಾಜಿನ ಮೇಲೆ ಬಿದ್ದಿತ್ತು. ಅಣ್ಣ ಅಲ್ಲೇ ಕೂತು ಒಂದು ಟೇಬಲ್ ಗಡಿಯಾರ ಬಿಚ್ಚುತ್ತಿದ್ದ. ಅವನ ಮುಖದ ಒಂದು ಪಕ್ಕ, ಕತ್ತು, ಎಡಗೈ… ಸುಟ್ಟ ಗಾಯ ಮಾಗಿದ ಗುರುತು.

ಗುಬ್ಬಿ ನೋಡಬಾರದೆಂದುಕೊಂಡರೂ ನೋಡಿದಳು.

"ನೋಡಮ್ಮ, ಪರವಾಗಿಲ್ಲ. ಎಲ್ಲರೂ ನೋಡ್ತಾರೆ," ಅಂದ ಅಣ್ಣ, ಸ್ಟೂಲು ಎಳೆದುಕೊಡುತ್ತಾ. "ನಾನು ಮೊದಲು ಒಂದು ಬಟ್ಟೆ ಗಿರಣಿಯಲ್ಲಿದ್ದೆ. ಬಾಯ್ಲರ್ ಸಿಡೀತು. ಆಮೇಲೆ ವಿಚಾರಣೆ ಮಾಡಿದ್ರೆ, ಬಾಯ್ಲರ್ ಸರಿಯಿಲ್ಲ ಅಂತ ಒಂದು ರಿಪೋರ್ಟಿನಲ್ಲಿ ಮೊದಲೇ ಬರೆದಿದ್ರಂತೆ. ಎಲ್ಲಿ ಬರೆದಿದ್ರು? ಕೊನೇ ಅನುಬಂಧದಲ್ಲಿ! ಬರೆದೋರದು ತಪ್ಪಿಲ್ಲ. ಬರೆದಿದ್ರು. ಓದೋರು ಅಲ್ಲಿ ತನಕ ಬರಲೇ ಇಲ್ಲ."

ಕುಲುಮೆಯ ಮುಂದೆ ಬಿಳಿಚಿದ ಮುಖ… ನಡುಗಿದ ಕೈ… ಗುಬ್ಬಿಗೆ ಎಲ್ಲ ಅರ್ಥವಾಯಿತು. ತಲೆ ತಗ್ಗಿಸಿದಳು.

"ಆವತ್ತಿಂದ ಅವನಿಗೆ ಅದೇ ಹುಚ್ಚು. ಮೊನ್ನೆ ಫೋನ್ ಮಾಡಿ ಕೇಳ್ದ, ಅಣ್ಣ, ಏನು ಮಾಡ್ಲಿ? ಬಾಸ್ ಬಿರುಕಿನ ವಿಷಯ ತೆಗೆದುಹಾಕು ಅಂತಾರೆ ಅಂತ. ತೆಗೆದುಹಾಕು, ತೆಗೆದು ಮೊದಲ ಪುಟಕ್ಕೆ ಹಾಕು ಅಂದೆ. ಆ ಹುಡುಗಿಗೂ ಒಂದು ಮಾತು ಹೇಳೋ ಅಂತಾನೂ ಅಂದೆ. ಅದೊಂದು ಕೇಳಲಿಲ್ಲ ನೋಡು, ದಡ್ಡ ಮುಂಡೇದು!"

"ಅಣ್ಣಾ, ಯಾರ ಜೊತೆ ಮಾತಾಡ್ತಿದ್ದೀಯ?"

ಮೆಟ್ಟಿಲ ಮೇಲೆ ಅವನು ನಿಂತಿದ್ದ. ಕೆದರಿದ ತಲೆ, ಸುಕ್ಕಾದ ಅಂಗಿ. ಅವಳನ್ನು ಕಂಡು ಅಲ್ಲೇ ಕಂಬವಾದ.

ಅಣ್ಣ ಗಂಟಲು ಸರಿಮಾಡಿಕೊಂಡ. "ನಾನು… ಹಾಲು ತರೋಕೆ ಹೋಗಿ ಬರ್ತೀನಿ." ಹಾಲಿನ ಪಾತ್ರೆಯನ್ನೂ ತೆಗೆದುಕೊಳ್ಳದೆ ಹೊರಟೇಹೋದ.

ಗುಬ್ಬಿ ಸ್ಟೂಲಿನಿಂದ ಎದ್ದು ನಿಂತಳು.

"ನನ್ನನ್ನ ಕ್ಷಮಿಸಿ…" ಅಂದಳು ಗುಬ್ಬಿ. "ಎಲ್ಲರ ಮುಂದೆ… ಎಂಥೆಂಥ ಮಾತಾಡ್ಬಿಟ್ಟೆ. ನೀವು ಯಾಕೆ ಒಂದು ಮಾತೂ ಹೇಳಲಿಲ್ಲ?"

"ಬಾಸ್ ಅಲ್ಲೇ ಇದ್ರು. ನಿರ್ದೇಶಕಿ ಓದೋ ಮುಂಚೆ ಅವರಿಗೆ ತಿಳಿದಿದ್ರೆ ರಿಪೋರ್ಟು ವಾಪಸ್ ತರಿಸ್ತಿದ್ರು."

"ಅದು ಇವತ್ತಿನ ಮಾತು. ಅದಕ್ಕೂ ಮುಂಚೆ?"

"ಮೊದಲು ಬೇಡ ಅಂದುಕೊಂಡಿದ್ದೆ. ಅಣ್ಣ ಅಂದ ಮೇಲೆ ಹೇಳೋಣ ಅಂತ ಬಂದಿದ್ದೆ. ನೀವು ಮನೆಗೆ ಹೊರಟ್ರಿ." ನಿಧಾನವಾಗಿ ಕೆಳಗಿನ ಮೆಟ್ಟಿಲಿಗೆ ಬಂದ. "ಆಮೇಲೆ ಮತ್ತೆ ಅನ್ನಿಸ್ತು… ನಿಮಗೆ ಗೊತ್ತಿಲ್ಲದೇ ಇರೋದೇ ಒಳ್ಳೇದು ಅಂತ. ನಿಮ್ಮ ಮನೆ ನಿಮ್ಮ ಮೇಲೇ ನಿಂತಿದೆ. ಕೆಲಸ ಹೋದ್ರೆ ನನ್ನದು ಹೋಗಲಿ ಅಂತ…"

ಗುಬ್ಬಿ ಕಣ್ಣೊರೆಸಿಕೊಂಡಳು. ಒರೆಸಿಕೊಂಡ ಕಣ್ಣಲ್ಲಿ ಕಿಡಿ ಇತ್ತು!

"ಅದನ್ನ ತೀರ್ಮಾನ ಮಾಡೋಕೆ ನೀವ್ಯಾರು?"

ಅವನು ತಬ್ಬಿಬ್ಬಾದ.

"ನನ್ನ ಮಾತು ಅದು. ಎಲ್ಲಿಗೆ ಹೋಗಬೇಕು ಅಂತ ನನ್ನನ್ನ ಕೇಳಬೇಕಿತ್ತು. ಒಬ್ಬ ಕೇಳದೆ ತಗೊಂಡು ಹೋದ. ನೀವು ಕೇಳದೆ ಒಳ್ಳೇದು ಮಾಡಿದ್ರಿ. ಕೇಳದೇ ಇದ್ದದ್ದು ಮಾತ್ರ ಇಬ್ಬರೂ ಒಂದೇ! ನಾನು ಹೂಂ ಅಂತಿದ್ದೆ ಕಣ್ರೀ. ಕೆಲಸ ಹೋದ್ರೂ ಹೂಂ ಅಂತಿದ್ದೆ. ಇವತ್ತು ಹಾಗೇ ಹೋದೆನಲ್ಲ ನಿರ್ದೇಶಕಿ ಹತ್ರ!"

ಅವನು ಮೆಟ್ಟಿಲಿಳಿದು ಅವಳೆದುರು ಬಂದು ನಿಂತ. ಆಮೇಲೆ ಮೆಲ್ಲಗೆ ಅಂದ, "ತಪ್ಪಾಯ್ತು. ನಿಜವಾಗಲೂ ತಪ್ಪಾಯ್ತು."

ಅವನು ಸಬೂಬು ಹೇಳಲಿಲ್ಲ. 'ಆದರೂ…' ಅಂತ ರಾಗ ಎಳೆಯಲಿಲ್ಲ. ಎಷ್ಟೋ ವರ್ಷದಿಂದ ಅವಳು ಒಬ್ಬರ ಬಾಯಲ್ಲಿ ಕೇಳಬೇಕೆಂದುಕೊಂಡಿದ್ದ ಮಾತು ಅದು. ಯಾರೋ ಮಾಡಿದ ತಪ್ಪಿಗೂ ಸೇರಿಸಿ ಇವನೇ ಕ್ಷಮೆ ಕೇಳಿದಂತಾಯಿತು.

ಗುಬ್ಬಿಯ ಕೋಪ ಇಳಿದುಹೋಯಿತು. ಹಿಡಿದುಕೊಳ್ಳಲು ನೋಡಿದಳು, ನಿಲ್ಲಲಿಲ್ಲ.

"ನಾನೂ ಕೆಲಸ ಬಿಟ್ಟೆ," ಅಂದಳು.

"ಏನು!"

"ನಿರ್ದೇಶಕಿ ಇನ್ನೊಂದು ರಿಪೋರ್ಟು ಬರೀರಿ ಅಂದಿದ್ದಾರೆ. ಇಬ್ಬರಿಗೂ. ಎರಡು ಹೆಸರು ಹಾಕಬೇಕು ಅಂತ ನಾನೇ ಕೇಳಿದೆ."

ಅವನು ಅವಳನ್ನೇ ನೋಡಿದ. ನಂಬಿಕೆ ಬಾರದವನಂತೆ.

"ನಿಮ್ಮ ಹೆಸರಿನ ಪಕ್ಕ… ನನ್ನದು?"

"ಯಾಕೆ, ಬೇಡವಾ?"

"ಬೇಕು." ಉಸಿರು ಎಳೆದುಕೊಂಡ. "ರಿಪೋರ್ಟಿಗೆ ಮಾತ್ರ ಅಲ್ಲ… ಗೊತ್ತಾ ನಿಮಗೆ? ಆವತ್ತು ನಿಮ್ಮ ಕುರ್ಚಿಯಲ್ಲಿ ಕೂತು ನಿಮ್ಮ ಬರಹ ಓದ್ತಿದ್ನಲ್ಲ, ಅವತ್ತೇ ನನಗೆ… ಕೆಲಸಗಾರರ ಬಗ್ಗೆ ಬರೆಯೋವಾಗ ಒಬ್ಬೊಬ್ಬರನ್ನೂ ಮಾತಾಡಿಸಿ ಬರೆದಿದ್ರಿ. ಇಂಥೋರು ಇನ್ನೂ ಇದ್ದಾರಾ ಅನ್ನಿಸ್ತು. ತಲೆ ಎತ್ತಿ ನೋಡಿದ್ರೆ ಎದುರಿಗೆ ಕಾಳಿ ಹಾಗೆ ನಿಂತಿದ್ರಿ."

ಗುಬ್ಬಿಗೆ ನಗು ತಡೆಯಲಾಗಲಿಲ್ಲ. ಅತ್ತ ಕಣ್ಣಲ್ಲೇ ನಕ್ಕಳು. ಕಿವಿಯ ತುದಿ ತನಕ ಕೆಂಪಾದಳು.

"ನನಗೆ ಅನುಮಾನ ಜಾಸ್ತಿ," ಅಂದಳು ಮೆತ್ತಗೆ. "ಒಂದೇ ದಿನಕ್ಕೆ ಹೋಗಲ್ಲ. ಇನ್ನೂ ಎಷ್ಟೋ ಸಲ ನಿಮ್ಮನ್ನ ಕಾಡ್ತೀನಿ."

"ಕಾಡಿ. ಪ್ರತಿ ಸಲಾನೂ ಕೇಳಿ. ಪ್ರತಿ ಸಲಾನೂ ಹೇಳ್ತೀನಿ."

"ಈಗಲೂ ಒಂದು ಇದೆ."

"ಏನು?"

"ಅಷ್ಟೊಂದು ಇಷ್ಟ ಇದ್ದೋರು ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೆದರಿಕೆ ಆಗ್ತಿತ್ತು."

"ನನ್ನನ್ನ ಕಂಡ್ರಾ?"

"ನೀವು ಇಲ್ಲ ಅಂದ್ಬಿಟ್ರೆ ಅಂತ."

"ಈಗ?"

"ಈಗಲೂ ಆಗ್ತಿದೆ…"

ಗುಬ್ಬಿ ಒಂದು ಹೆಜ್ಜೆ ಮುಂದೆ ಬಂದಳು. ತನ್ನ ಅಂಗೈಯನ್ನು ಅವನ ಮುಂದೆ ಚಾಚಿದಳು.

"ಹಾಗಾದ್ರೆ ಹಿಡ್ಕೊಳ್ಳಿ," ಅಂದಳು. "ನನಗೂ ಆಗ್ತಿದೆ."